ಕಚ್ಚಾ ಹೊಲಿಗೆಯ ಬೈಕು

ಗ್ಯಾರೇಜಿನ ಬಾಗಿಲ ಮೇಲೆ ಒಂದು ಹಲಗೆ ತೂಗುತ್ತಿತ್ತು. ಅದರಲ್ಲಿ ಗ್ಯಾರೇಜಿನ ಹೆಸರಿರಲಿಲ್ಲ. 'ಈ ಕೆಳಗಿನ ಗಾಡಿಗಳನ್ನು ಇಲ್ಲಿ ಮುಟ್ಟುವುದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಹನ್ನೊಂದು ಕಂಪನಿಗಳ ಹೆಸರು ಕೊಟ್ಟಿತ್ತು. ಹನ್ನೊಂದೂ ಯಾರೂ ಕೇಳಿರದ ಹೆಸರುಗಳು. ಇನ್ನಷ್ಟು ಬರೆಯಲು ಮೆಕ್ಯಾನಿಕ್ ಸಿದ್ಧನಿದ್ದ, ಹಲಗೆಯಲ್ಲೇ ಜಾಗ ಸಾಲದೆ ಹೋಯಿತು. ಕೊನೆಗೆ 'ಇತ್ಯಾದಿ' ಎಂದು ಬರೆದು ಕೈತೊಳೆದುಕೊಂಡಿದ್ದ.

ಹೊಸದಾಗಿ ಗಾಡಿ ಕಲಿಯಬೇಕೆನ್ನುವವರು ಅವನ ಹತ್ತಿರ ಬಂದು, "ಅಣ್ಣ, ಈ ಅಗ್ಗದ ಬೈಕು ತಗೋಬಹುದಾ? ಕಲಿಯೋಕೆ ಸಾಕಲ್ವಾ?" ಎಂದು ಕೇಳುವುದು ವಾರಕ್ಕೆರಡು ಸಲ ಇದ್ದದ್ದೇ. ಅವನು ಬಿಚ್ಚಿಟ್ಟ ಎಂಜಿನ್ನಿನಿಂದ ತಲೆಯನ್ನೂ ಎತ್ತದೆ "ಬೇಡಪ್ಪ" ಎನ್ನುತ್ತಿದ್ದ. ಯಾಕೆ ಎಂದು ಕೇಳಿದರೆ ಇನ್ನೊಂದು ಸಲ "ಬೇಡಪ್ಪ". ಹೀಗೆ ಹೇಳಿ ಹೇಳಿ ಅವನ ಹೆಸರೇ ಬೇಡಪ್ಪ ಎಂದಾಯಿತು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ. ಆದರೆ ಅವನಿಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

ಗ್ಯಾರೇಜಿಗೆ ತಾಗಿಕೊಂಡೇ ತಂಗಿಯ ಹೊಲಿಗೆ ಅಂಗಡಿ. ಅದರ ಆಚೆಗೆ ಹೆಂಡತಿಯ ಬ್ಯೂಟಿ ಪಾರ್ಲರ್. ಒಂದೇ ಸೂರಿನ ಕೆಳಗಿನ ಮೂರು ಮಳಿಗೆಗಳನ್ನು ನೋಡಿ ಬೀದಿಯವರು, "ಗಾಡಿ ರಿಪೇರಿ, ಬಟ್ಟೆ ರಿಪೇರಿ, ಮುಖ ರಿಪೇರಿ, ಮೂರೂ ಒಂದೇ ಮನೆಯಲ್ಲಿ" ಎಂದು ನಗುತ್ತಿದ್ದರು. ಮಳಿಗೆಗಳ ನಡುವೆ ಇದ್ದದ್ದು ಮರದ ಹಲಗೆಯ ಗೋಡೆ. ತಂಗಿಯ ಕೈಯಿಂದ ಕತ್ತರಿ ಜಾರಿದರೆ ಅಣ್ಣನಿಗೆ ಕೇಳುತ್ತಿತ್ತು. ಅಣ್ಣ ತುಕ್ಕು ಹಿಡಿದ ನಟ್ಟಿಗೆ ಬೈದರೆ ತಂಗಿಯ ಗಿರಾಕಿಗಳೆಲ್ಲ ಕೇಳಿಸಿಕೊಂಡು ಕೆಮ್ಮುತ್ತಿದ್ದರು.

ತಂಗಿಗೆ ನಲವತ್ತೆರಡು. ಊರಿಗೆಲ್ಲ ಟೈಲರಕ್ಕ, ಅಣ್ಣನಿಗೆ ಮಾತ್ರ ಇನ್ನೂ ಪುಟ್ಟಿ. ಅವಳ ಕತ್ತರಿಗೆ ಹೆಸರಿತ್ತು, ಆದರೆ ಮೂಲೆಯಲ್ಲಿ ರೆಡಿಮೇಡ್ ಅಂಗಡಿ ಬಂದ ಮೇಲೆ ಅವಳಿಗೆ ಉಳಿದದ್ದು ಪ್ಯಾಂಟಿನ ಕಾಲು ಮಡಚುವುದು, ಜಿಪ್ ಬದಲಾಯಿಸುವುದು, ಇಷ್ಟೇ. ಆ ಅಂಗಡಿಯ ಯಜಮಾನನೇ ಒಂದು ದಿನ ಬಂದು, "ಅಕ್ಕ, ಇಲ್ಲಿ ಯಾಕೆ ನೊಣ ಹೊಡೀತಾ ಕೂತಿದೀರ? ನಮ್ಮಲ್ಲಿ ಒಂದು ಸ್ಟೂಲ್ ಹಾಕಿಸ್ತೀನಿ, ಬಂದು ಕಾಲು ಮಡಚಿಕೊಡಿ" ಎಂದಿದ್ದ. ಬೇರೆಯವರ ಸ್ಟೂಲಿನ ಮೇಲೆ ಕೂತು ಬೇರೆಯವರು ಹೊಲಿದ ಪ್ಯಾಂಟು ಮಡಚುವ ದಿನ ಬಂದರೆ ತಾನು ಟೈಲರಲ್ಲ ಎಂದು ಅವಳು ಆ ದಿನ ಊಟ ಬಿಟ್ಟು ಯೋಚಿಸಿದಳು.

ಅಷ್ಟರಲ್ಲಿ ಗುಡ್ಡದ ಮೇಲಿನ ವಸತಿ ಶಾಲೆಯಿಂದ ಫೋನು ಬಂತು. ಮುನ್ನೂರ ಹನ್ನೆರಡು ಮಕ್ಕಳು, ವರ್ಷಕ್ಕೆ ಎರಡೆರಡು ಜೊತೆ ಸಮವಸ್ತ್ರ. ಮುಖ್ಯೋಪಾಧ್ಯಾಯಿನಿ ನೇರ ಮಾತಿನ ಹೆಂಗಸು. "ನಿಮ್ಮ ಕೆಲಸ ನೋಡಿದೀನಿ, ಚೆನ್ನಾಗಿದೆ. ಆದ್ರೆ ಪ್ರತಿ ಸೋಮವಾರ ನೀವೇ ಬಂದು ಅಳತೆ ತಗೋಬೇಕು, ಬಿಗಿಯಾದದ್ದು ಸಡಿಲವಾದದ್ದು ನೋಡ್ಬೇಕು. ಹಿಂದಿನ ಟೈಲರ್ ಬಸ್ಸು ನಿಂತ ಮೇಲೆ ಬರೋದೇ ಬಿಟ್ರು. ಶಾಲೆ ಶುರುವಾಗೋಕೆ ಐದು ವಾರ ಇದೆ. ಮೊದಲ ಸೋಮವಾರ ನೀವು ಬಂದ್ರೆ ಕೆಲಸ ನಿಮ್ದು. ಬರ್ದೇ ಇದ್ರೆ ಬೇರೆಯವರಿಗೆ ಕೊಡ್ತೀನಿ. ಹೇಗೆ ಬರ್ತೀರ?"

"ಬೈಕಲ್ಲಿ ಬರ್ತೀನಿ ಮೇಡಂ" ಎಂದಳು ಟೈಲರಕ್ಕ.

ಅವಳಿಗೆ ಬೈಕೂ ಇರಲಿಲ್ಲ, ಬೈಕು ಓಡಿಸಲೂ ಬರುತ್ತಿರಲಿಲ್ಲ. ಮಾತು ಬಾಯಿಂದ ಜಾರಿಬಿಟ್ಟಿತ್ತು. ಆದರೆ ಕಲಿಯುವವರಿಗೆ ಕೊಡುವ ಲೈಸೆನ್ಸ್ ಮಾತ್ರ ಕೈಯಲ್ಲಿತ್ತು, ಅದೂ ಎರಡನೆಯ ಸಲ ಮಾಡಿಸಿದ್ದು. ಮೂರು ವರ್ಷದಿಂದ ಅಣ್ಣ "ಇರು ಪುಟ್ಟಿ, ಒಳ್ಳೆ ಗಾಡಿ ಬರ್ಲಿ, ನಾನೇ ಕಲಿಸ್ತೀನಿ" ಎನ್ನುತ್ತಿದ್ದ. ಒಳ್ಳೆ ಗಾಡಿ ಎಂದರೆ ಹೆಸರುವಾಸಿ ಕಂಪನಿಯದು, ಒಬ್ಬನೇ ಓಡಿಸಿದ್ದು, ಒಂದು ಗೀರೂ ಇಲ್ಲದ್ದು. ಮೂರು ವರ್ಷದಲ್ಲಿ ಅಂಥದ್ದು ಒಂದೂ ಅವನ ಕಣ್ಣಿಗೆ ಬೀಳಲಿಲ್ಲವಂತೆ.

ಆ ಸಂಜೆಯೂ ಕೇಳಿದಳು. ಅಣ್ಣ ಗೋಡೆಯಾಚೆಯಿಂದ, "ಇರು, ನೋಡೋಣ" ಎಂದ. ಹೀಗೆ ಮೀನಮೇಷ ಎಣಿಸುತ್ತ ಕೂತರೆ ಐದು ವಾರವೇನು, ಐದು ವರ್ಷವೂ ಹೋಗುತ್ತದೆ ಎಂದುಕೊಂಡು, ಮರುದಿನ ಬೆಳಗ್ಗೆ ಅಂಗಡಿಗೆ ಬೀಗ ಹಾಕಿ ಅವಳು ದೊಡ್ಡ ಮಾರುಕಟ್ಟೆಗೆ ಹೋದಳು. ಅಲ್ಲಿ ಫ್ಯಾನು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಮಡಚುವ ಮಂಚಗಳನ್ನು ಮಾರುವ ಅಂಗಡಿಯಲ್ಲೇ ಒಂದು ಮೂಲೆಯಲ್ಲಿ ಬೈಕುಗಳೂ ಇದ್ದವು. ತನ್ನ ಕೈಗೆ ಎಟುಕುವ ಹೊಸ ಗಾಡಿ ಅದೊಂದೇ. ಅಂಗಡಿಯವನು, "ಡಬ್ಬದಲ್ಲಿ ಬರುತ್ತೆ ಅಕ್ಕ, ನಾಲ್ಕು ಬೋಲ್ಟು ಹಾಕಿದ್ರೆ ಆಯ್ತು" ಎಂದ. ಹೆಲ್ಮೆಟ್ಟನ್ನು ಪುಕ್ಕಟೆ ಕೊಡುತ್ತೇನೆಂದು ಒಂದು ಬುರುಡೆಯನ್ನು ತೋರಿಸಿದ. ಅವಳು ಅದನ್ನು ಬೆರಳಿನಿಂದ ತಟ್ಟಿ ನೋಡಿ ಅವನಿಗೇ ಕೊಟ್ಟು, ಬೇರೆ ಅಂಗಡಿಯಲ್ಲಿ ಒಳ್ಳೆ ಕಂಪನಿಯ ಹೆಲ್ಮೆಟ್ ಕೊಂಡಳು. ಬೈಕು ಅಗ್ಗದ್ದಾದರೂ ತಲೆ ಅಗ್ಗದ್ದಲ್ಲ, ಅದು ಅವಳ ಲೆಕ್ಕ.

ಡಬ್ಬ ಬಂದು ಹೊಲಿಗೆ ಅಂಗಡಿಯ ಮುಂದೆ ಇಳಿದಾಗ ಬೇಡಪ್ಪ ಹೊರಗೆ ಬಂದು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಆಮೇಲೆ ಒಳಗೆ ಹೋಗಿ ಏಣಿ ತಂದು, ಹಲಗೆಯ 'ಇತ್ಯಾದಿ' ಎಂಬ ಪದವನ್ನು ಬಟ್ಟೆಯಿಂದ ಒರೆಸಿ ಹೊಳಪು ಮಾಡಿದ.

"ಅಣ್ಣ, ಇದನ್ನ ಜೋಡಿಸಿಕೊಡ್ತೀಯಾ?"

"ಹಲಗೆ ಓದೋಕೆ ಬರುತ್ತಲ್ಲ?"

"ತಂಗಿ ಅಂತಾದ್ರೂ..."

"ತಂಗಿ ಅಂತಲೇ ಹೇಳ್ತಿರೋದು. ಮೂರು ತಿಂಗಳು, ಅಷ್ಟೇ. ಆಮೇಲೆ ಇದರ ಮೇಲೆ ಬಟ್ಟೆ ಒಣಗಿಸ್ಕೋ."

ಸರಿ, ಅವನು ಮುಟ್ಟದಿದ್ದರೆ ಕೈ ನನಗೂ ಇದೆ ಎಂದು ಟೈಲರಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಇಪ್ಪತ್ತೆಂಟು ವರ್ಷದಿಂದ ತನ್ನ ಹೊಲಿಗೆ ಯಂತ್ರಗಳನ್ನು ತಾನೇ ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿದವಳು ಅವಳು. ಜೊತೆಗೆ ಬಂದ ಪುಸ್ತಕವನ್ನು ಯಾರು ಯಾವ ಭಾಷೆಯಿಂದ ಇಳಿಸಿದ್ದರೋ, 'ಚಕ್ರವನ್ನು ಸಂತೋಷದಿಂದ ಒಳಸೇರಿಸಿ' ಎಂದಿತ್ತು. ಅವಳು ಸಂತೋಷದಿಂದಲೇ ಸೇರಿಸಿದಳು. ಆದರೆ ಕಾರ್ಖಾನೆಯಲ್ಲೇ ಬಿಗಿದು ಕಳಿಸಿದ ಬೋಲ್ಟೊಂದನ್ನು ಸುಮ್ಮನೆ ಬೆರಳಲ್ಲಿ ಹಿಡಿದು ತಿರುಗಿಸಿದರೆ ಅದು ಗರಗರ ತಿರುಗಿ ಕೈಗೇ ಬಂತು. ಇನ್ನೊಂದೂ ಹಾಗೆಯೇ. ಮೂರನೆಯದಕ್ಕೆ ಸ್ಪ್ಯಾನರ್ ಬೇಕಾಯಿತು, ಆದರೆ ಅರ್ಧ ಸುತ್ತು ಮಾತ್ರ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಟೈಲರಕ್ಕನಿಗೆ ನಗು ಬಂತು. ಏಕೆಂದರೆ ಇದು ಅವಳಿಗೆ ದಿನನಿತ್ಯದ ವಿಷಯ. ಕೋಟು ಹೊಲಿಯುವಾಗ ಮೊದಲು ದೂರ ದೂರಕ್ಕೆ ಸೂಜಿ ಚುಚ್ಚಿ ಕಚ್ಚಾ ಹೊಲಿಗೆ ಮಾಡುತ್ತಾರೆ. ಗಿರಾಕಿಗೆ ತೊಡಿಸಿ ನೋಡಿ, ಆಮೇಲೆ ಆ ದಾರ ಎಳೆದು ಹಾಕಿ ಪಕ್ಕಾ ಹೊಲಿಗೆ ಹೊಡೆಯುತ್ತಾರೆ. ಕಚ್ಚಾ ಹೊಲಿಗೆಯ ಕೋಟನ್ನು ತೊಟ್ಟು ಪೇಟೆಗೆ ಹೋದವನ ತೋಳು ದಾರಿಯಲ್ಲೇ ಉದುರಿದರೆ ತಪ್ಪು ಬಟ್ಟೆಯದೇ?

"ಅತ್ತಿಗೆ, ಇದು ಕೆಟ್ಟ ಗಾಡಿ ಅಲ್ಲ. ಕಚ್ಚಾ ಹೊಲಿಗೆ ಹಾಕಿ ಕಳಿಸಿಬಿಟ್ಟಿದಾರೆ ಅಷ್ಟೇ. ಪಕ್ಕಾ ಹೊಲಿಗೆ ನಾವು ಹಾಕ್ಬೇಕು."

ಗಿರಾಕಿಯ ಹುಬ್ಬು ತಿದ್ದಿ ಮುಗಿಸಿ ಬಂದಿದ್ದ ಅತ್ತಿಗೆ, "ನಂಗೆ ಗಾಡಿ ಗೊತ್ತಿಲ್ಲ, ನಿನ್ನ ಹಟ ಗೊತ್ತು. ಏನು ಬೇಕು ಹೇಳು" ಎಂದಳು.

"ನೇಲ್ ಪಾಲಿಷ್."

ಐದು ದಿನ ಹಿಡಿಯಿತು. ಒಂದೊಂದೇ ಬೋಲ್ಟನ್ನು ಬಿಚ್ಚಿ, ಒರೆಸಿ, ಸಡಿಲಾಗದಂತೆ ಹಿಡಿಯುವ ನೀಲಿ ಅಂಟಿನ ಒಂದು ಹನಿ ಬಿಟ್ಟು, ಬಿಗಿದು, ಅದರ ತಲೆಯಿಂದ ಪಕ್ಕದ ಕಬ್ಬಿಣದ ಮೇಲಕ್ಕೆ ಒಂದು ಕೆಂಪು ಗೆರೆ ಎಳೆದಳು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬಟ್ಟೆಯ ಎರಡು ತುಂಡುಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಕೂಡಿಸುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಟ್ಟು ತೊಂಬತ್ತಾರು ಗೆರೆ, ಎರಡು ಬಾಟಲಿ ನೇಲ್ ಪಾಲಿಷ್. ಟ್ಯಾಂಕನ್ನು ಒರೆಸುವಾಗ ಕಂಪನಿಯ ಹೆಸರಿನ ಸ್ಟಿಕ್ಕರ್ ಕಿತ್ತು ಬಂತು. ಕೆಳಗೆ ಬೇರೊಂದು ಹೆಸರಿತ್ತು. ಅದನ್ನೂ ಉಗುರಿನಿಂದ ಎಬ್ಬಿಸಿದರೆ ಕೆಳಗೆ ಮೂರನೆಯದು. ಅವಳು ಮೂರನ್ನೂ ಕಿತ್ತುಹಾಕಿ ಟ್ಯಾಂಕನ್ನು ಹೆಸರಿಲ್ಲದೆ ಬಿಟ್ಟಳು.

ಇನ್ನೊಂದು ಸಂಗತಿಯೂ ಅವಳ ಕಣ್ಣಿಗೆ ಬಿತ್ತು. ಅಣ್ಣನ ಸ್ವಂತ ಬೈಕು ಒಂದಿತ್ತು, ಹದಿನೆಂಟು ವರ್ಷ ಹಳೆಯದು, ದೊಡ್ಡ ಕಂಪನಿಯದು, ಅವನ ಕಣ್ಮಣಿ. ಅದು ಗ್ಯಾರೇಜಿನ ಮುಂದೆ ನಿಂತಿರುವಾಗ ಅವಳು ಟೇಪು ಹಿಡಿದು ಹೋಗಿ ಅಳೆದು ಬಂದಳು. ಚೌಕಟ್ಟು, ಹ್ಯಾಂಡಲ್, ಲಿವರ್, ಕಾಲು ಇಡುವ ಕಡ್ಡಿ, ಎಲ್ಲವೂ ತನ್ನ ಗಾಡಿಯ ಅಳತೆಯೇ. ಯಾರೋ ಆ ಗಾಡಿಯನ್ನು ಮುಂದಿಟ್ಟುಕೊಂಡು ಹೊಲಿದಿದ್ದಾರೆ: ಅದೇ ಕಟ್ಟಿಂಗು, ಬಟ್ಟೆ ಮಾತ್ರ ಕಡಿಮೆ ದರದ್ದು. ಇದನ್ನು ಅಣ್ಣನಿಗೆ ಹೇಳಿದರೆ ಮೈಮೇಲೆ ಎರಗುತ್ತಾನೆಂದು ಬಾಯಿ ಮುಚ್ಚಿಕೊಂಡಳು.

ಕಲಿಯಲು ಜಾಗ ಕೊಟ್ಟವನು ಮರದ ಮಿಲ್ಲಿನ ಮಾಲೀಕ. ಬೆಳಗ್ಗೆ ಏಳರಿಂದ ಎಂಟರವರೆಗೆ ಅಂಗಳ ಖಾಲಿ, ಕೊನೆಯಲ್ಲಿ ಮರದ ಹೊಟ್ಟಿನ ದೊಡ್ಡ ಗುಡ್ಡೆ. ಗುರು ಅತ್ತಿಗೆ. ಆಕೆಗೆ ಓಡಿಸಲು ಬರುತ್ತಿರಲಿಲ್ಲ, ಆದರೆ ಇಪ್ಪತ್ತು ವರ್ಷ ಗಂಡನ ಹಿಂದೆ ಕೂತು ಎಲ್ಲವನ್ನೂ ನೋಡಿದ್ದಳು. "ಕ್ಲಚ್ ನಿಧಾನ ಬಿಡು. ನಿಮ್ಮಣ್ಣ ನಂಗೆ ಮೊದಲನೇ ಸಲ ಸೀರೆ ಕೊಡ್ಸಿದ್ರಲ್ಲ, ಅಷ್ಟು ನಿಧಾನ" ಎಂದು ಹೇಳಿಕೊಡುತ್ತಿದ್ದಳು.

ಗಾಡಿ ಹೊರಟಿತು. ಟೈಲರಕ್ಕನ ಎದೆಯಲ್ಲಿ ಸಂತೋಷ ಉಕ್ಕಿ ಬಂತು. ಗಾಳಿ ಮುಖಕ್ಕೆ ಬಡಿಯಿತು, ಅಂಗಳದ ಮರದ ದಿಮ್ಮಿಗಳೆಲ್ಲ ಹಿಂದಕ್ಕೆ ಓಡಿದವು. ಆಮೇಲೆ ಹೊಟ್ಟಿನ ಗುಡ್ಡೆ ಎದುರಿಗೆ ಬಂತು, ನಿಲ್ಲಿಸಬೇಕು ಎಂದುಕೊಂಡಳು, ನಿಲ್ಲಲಿಲ್ಲ. ಸೊಂಟದವರೆಗೆ ಹೊಟ್ಟಿನಲ್ಲಿ ಹೂತುಹೋದಳು. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ಮಿಲ್ಲಿನವನು ಬಂದು, ಗುಡ್ಡೆಯ ಇನ್ನೊಂದು ಬದಿಗೂ ಹೋಗಿ ಬನ್ನಿ, ಅಲ್ಲಿ ಹೊಟ್ಟು ಗಟ್ಟಿಯಾಗಿದೆ, ಸಡಿಲಾಗಲಿ ಎಂದು ಹೇಳಿ ಹೋದ.

ಅತ್ತಿಗೆ ಅವಳ ತಲೆಯಿಂದ ಹೊಟ್ಟು ಕೊಡವುತ್ತ ನಕ್ಕು ನಕ್ಕು ಸುಸ್ತಾದಳು. ನಗುವ ಭರದಲ್ಲಿ ಒಂದು ಮಾತು ಜಾರಿತು. "ಇದಕ್ಕೇ ನೋಡು, ನಿಮ್ಮಣ್ಣ ಸುಮ್ನೆ ಆ ಮೂರು ಗಾಡಿ ಮಾರ್ಲಿಲ್ಲ."

"ಯಾವ ಮೂರು ಗಾಡಿ?"

ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಿನಗೆ ಅಂತ ಹೇಳಿಟ್ಟಿದ್ದ ಒಳ್ಳೆ ಗಾಡಿ, ವರ್ಷಕ್ಕೊಂದು ಸಿಕ್ತು. ಒಂದು ಬೇಕರಿಯವನಿಗೆ ಕೊಟ್ರು, ಒಂದು ಪೋಸ್ಟಿನವನಿಗೆ, ಇನ್ನೊಂದು ಯಾರಿಗೋ. ನಾನು ಕೇಳಿದೆ. ಅವಳು ಬೀಳ್ತಾಳೆ ಕಣೇ ಅಂದ್ರು. ಆ ಗಲ್ಲದ ಗಾಯ ನೆನಪಿಲ್ವಾ ಅಂದ್ರು."

ಟೈಲರಕ್ಕನ ಕೈ ತಾನಾಗಿ ಗಲ್ಲಕ್ಕೆ ಹೋಯಿತು. ಅಲ್ಲಿ ಹತ್ತೊಂಬತ್ತನೆಯ ವಯಸ್ಸಿನ ಗಾಯದ ಗುರುತಿತ್ತು. ಅಣ್ಣ ಗೆಳೆಯನ ಬೈಕು ತಂದು, "ಕೂತ್ಕೋ ಪುಟ್ಟಿ, ಏನೂ ಆಗಲ್ಲ" ಎಂದು ಹೇಳಿ ಹಿಂದಿನಿಂದ ಬಿಟ್ಟಿದ್ದ. ಅವಳು ನೇರವಾಗಿ ಹೋಗಿ ಶಾಲೆಯ ಕಾಂಪೌಂಡಿಗೆ ಗುದ್ದಿದ್ದಳು. ಅವಳು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಅವನು ಮರೆತಿರಲಿಲ್ಲ.

ಅವಳಿಗೆ ಕೆಟ್ಟ ಕೋಪ ಬಂತು. ಮೂರು ವರ್ಷ ಕಿವಿಯ ಮೇಲೆ ಹೂವಿಟ್ಟನಲ್ಲ ಎಂದು ದುಃಖವೂ ಆಯಿತು. ಅಂದಿನಿಂದ ಅಣ್ಣನೊಂದಿಗೆ ಮಾತು ಬಿಟ್ಟಳು. ಅವನೂ ಹಟಮಾರಿ, ಏನಾಯಿತೆಂದು ಕೇಳಲಿಲ್ಲ. ಆದರೆ ಅವಳು ಬೆಳಗ್ಗೆ ಗಾಡಿ ಚಾಲೂ ಮಾಡಿದಾಗೆಲ್ಲ ಗೋಡೆಯಾಚೆ ಸ್ಪ್ಯಾನರಿನ ಸದ್ದು ನಿಲ್ಲುತ್ತಿತ್ತು. ಒಂದು ದಿನ ಅವನು ಯಾರಿಗೂ ಅಲ್ಲದಂತೆ ಗಟ್ಟಿಯಾಗಿ, "ಯಾರದೋ ಚೈನು ಸಡಿಲ ಇದೆ" ಎಂದ. ಅವಳು ಯಾರಿಗೂ ಅಲ್ಲದಂತೆ, "ಯಾರೋ ಹಲಗೆ ಹಾಕಿದಾರೆ, ಮುಟ್ಟಲ್ಲ ಅಂತ" ಎಂದಳು. ಅಂದು ಮಧ್ಯಾಹ್ನ ಚೈನನ್ನು ನೋಡಿದರೆ ನಿಜವಾಗಿಯೂ ಸಡಿಲವಿತ್ತು.

ಕೋಪಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ನಿಲ್ಲಿಸಲು ಯಾಕೆ ಆಗುತ್ತಿಲ್ಲ? ಬಲಗಾಲು ಒತ್ತಿದರೆ ಬ್ರೇಕು, ಅದು ಗೊತ್ತು. ಬಾಯಲ್ಲಿ ಹೇಳು ಎಂದರೆ ನೂರು ಸಲ ಹೇಳುತ್ತಾಳೆ. ಗುಡ್ಡೆ ಎದುರಿಗೆ ಬಂದಾಗ ಮಾತ್ರ ಏನೋ ಆಗುತ್ತದೆ. "ಕಾಲು ಯಾಕೆ ಕೋಳಿ ಥರ ಎತ್ತುತೀಯಾ?" ಎಂದು ಅತ್ತಿಗೆ ಕೇಳಿದ್ದಳು. ನಾನೆಲ್ಲಿ ಎತ್ತಿದೆ ಎಂದು ಇವಳು ಜಗಳವಾಡಿದ್ದಳು.

ಶಾಲೆ ಶುರುವಾಗಲು ಎರಡೂವರೆ ವಾರ ಉಳಿದಿದ್ದಾಗ, ಒಂದು ಮಧ್ಯಾಹ್ನ ಅವಳು ಯಾರದೋ ದಪ್ಪ ಪ್ಯಾಂಟಿಗೆ ಹೊಲಿಗೆ ಹಾಕುತ್ತಿದ್ದಳು. ಸೂಜಿ ಬೆರಳಿನ ಹತ್ತಿರ ಬಂತು. ಥಟ್ಟನೆ ಯಂತ್ರ ನಿಂತಿತು. ಅವಳು ಬಗ್ಗಿ ಮೇಜಿನ ಕೆಳಗೆ ನೋಡಿದಳು. ಬಲಗಾಲು ಪೆಡಲಿನಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತ್ತು.

ಮೋಟಾರಿನ ಹೊಲಿಗೆ ಯಂತ್ರದಲ್ಲಿ ಕಾಲು ಒತ್ತಿದರೆ ಓಟ, ಎತ್ತಿದರೆ ನಿಲುಗಡೆ. ಹದಿನಾಲ್ಕನೆಯ ವಯಸ್ಸಿನಿಂದ, ಸೂಜಿ ಬೆರಳ ಹತ್ತಿರ ಬಂದಾಗೆಲ್ಲ, ಅವಳ ಬಲಗಾಲು ತಲೆಯನ್ನು ಕೇಳದೆ ಎದ್ದು ಬಿಡುತ್ತಿತ್ತು. ಅದರಿಂದಲೇ ಅವಳ ಹತ್ತು ಬೆರಳೂ ಇನ್ನೂ ನೆಟ್ಟಗಿದ್ದವು. ಬೈಕಿನಲ್ಲಿ ಅಪಾಯ ಕಂಡಾಗಲೂ ಅದೇ ಕಾಲು, ಅದೇ ನಂಬಿಕೆಯಿಂದ ಮೇಲೇಳುತ್ತಿತ್ತು. ಬ್ರೇಕು ಬಿಟ್ಟ ಗಾಡಿ ನಿಲ್ಲುವುದಾದರೂ ಹೇಗೆ? ಹತ್ತೊಂಬತ್ತರಲ್ಲಿ ಕಾಂಪೌಂಡಿಗೆ ಗುದ್ದಿದ್ದೂ ಹೀಗೆಯೇ. ಅವಳು ಹೆದರಿ ಮರಗಟ್ಟಿರಲಿಲ್ಲ, ಬ್ರೇಕು ಕೆಟ್ಟಿರಲಿಲ್ಲ. ಅವಳೊಳಗಿನ ಟೈಲರು ಯಂತ್ರವನ್ನು ನಿಲ್ಲಿಸುತ್ತಿದ್ದಳು.

ಅವಳು ಒಬ್ಬಳೇ ಕೂತು ಎಷ್ಟು ನಕ್ಕಳೆಂದರೆ ಗೋಡೆಯಾಚೆ ಮತ್ತೆ ಸ್ಪ್ಯಾನರಿನ ಸದ್ದು ನಿಂತಿತು.

ಕಾಯಿಲೆ ಗೊತ್ತಾದ ಮೇಲೆ ಮದ್ದು ಕಷ್ಟವೇ? ಹೊಲಿಗೆ ಯಂತ್ರದ ಪೆಡಲನ್ನು ಎಡಗಾಲಿನ ಕಡೆಗೆ ಸರಿಸಿದಳು. ಬಲಗಾಲಿನ ಕೆಳಗೆ ಒಂದು ಇಟ್ಟಿಗೆ ಇಟ್ಟಳು. ನಿಲ್ಲಿಸಬೇಕಾದಾಗಲೆಲ್ಲ ಎಡಗಾಲು ಎತ್ತು, ಬಲಗಾಲಿನಿಂದ ಇಟ್ಟಿಗೆ ಒತ್ತು. ಬೆಳಗಿನಿಂದ ಸಂಜೆಯವರೆಗೆ ಇದೇ. ಮೊದಲ ಎರಡು ದಿನ ಹೊಲಿಗೆ ಹಾವಿನ ಹಾಗೆ ಹರಿಯಿತು. ಬೇಕರಿಯವನ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡವಾಯಿತು. ಒಳ್ಳೆ ಗಾಡಿ ಅವನಿಗೆ ಹೋಗಿತ್ತಲ್ಲ, ಅವಳಿಗೆ ಅಷ್ಟೇನೂ ಪಶ್ಚಾತ್ತಾಪವಾಗಲಿಲ್ಲ. ಆದರೂ ಬಿಚ್ಚಿ ಸರಿಮಾಡಿ ಕೊಟ್ಟಳು. ನಾಲ್ಕನೆಯ ದಿನಕ್ಕೆ ಹೊಲಿಗೆ ನೆಟ್ಟಗಾಯಿತು. ಎಂಟನೆಯ ದಿನ ಮಿಲ್ಲಿನ ಅಂಗಳದಲ್ಲಿ ಒಂದು ಬೆಕ್ಕು ಅಡ್ಡ ಬಂತು. ಬಲಗಾಲು ತಾನಾಗಿ ಕೆಳಗಿಳಿದು ಒತ್ತಿತು. ಗಾಡಿ ಗಕ್ಕನೆ ನಿಂತಿತು. ಬೆಕ್ಕು ಕೂತು ಅವಳನ್ನು ನೋಡಿತು. ಅತ್ತಿಗೆ ಓಡಿ ಬಂದು ಹೆಲ್ಮೆಟ್ಟಿಗೇ ಮುತ್ತಿಟ್ಟಳು.

ಶುಕ್ರವಾರ ಪರೀಕ್ಷೆ. ಪರೀಕ್ಷೆ ಮಾಡುವ ಅಧಿಕಾರಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಕೆಂಪು ಗೆರೆಗಳನ್ನೂ ಹೆಸರಿಲ್ಲದ ಟ್ಯಾಂಕನ್ನೂ ನೋಡಿ, "ಇದು ಯಾವ ಕಂಪನಿದಮ್ಮ?" ಎಂದ.

"ಕಾಗದದಲ್ಲಿ ಒಂದು ಹೆಸರಿದೆ ಸರ್. ಟ್ಯಾಂಕಿನ ಮೇಲೆ ಮೂರಿತ್ತು. ಯಾವುದೂ ನಿಲ್ಲಲಿಲ್ಲ."

ಅಧಿಕಾರಿ ನಗಲಿಲ್ಲ. ಆದರೆ ಅವಳು ಎಂಟರ ಆಕಾರದಲ್ಲಿ ಸುತ್ತಿ, ಕಾಲು ನೆಲಕ್ಕೆ ತಾಗಿಸದೆ ಬಂದು, ಗೆರೆಯ ಮೇಲೆ ದಾರ ಹಿಡಿದಂತೆ ನಿಲ್ಲಿಸಿದಾಗ, "ಬ್ರೇಕ್ ಹಾಕೋದು ಯಾರು ಕಲಿಸಿದ್ರು?" ಎಂದು ಕೇಳಿದ. "ಇಟ್ಟಿಗೆ ಸರ್" ಎಂದಳು. ಅವನು ಪೆನ್ನು ತೆಗೆದು ಸಹಿ ಹಾಕಿದ.

ಸೋಮವಾರ ಬೆಳಗ್ಗೆ ಅವಳು ಟೇಪು, ಪಿನ್ನು, ಸೀಮೆಸುಣ್ಣ, ಅಳತೆಯ ಪುಸ್ತಕ, ಡಬ್ಬದ ಜೊತೆ ಬಂದ ಬಿಡಿ ಭಾಗಗಳ ಚೀಲ ಎಲ್ಲವನ್ನೂ ಹಿಂದೆ ಕಟ್ಟಿಕೊಂಡಳು. ತೊಂಬತ್ತಾರು ಗೆರೆಗಳನ್ನೂ ಒಂದೊಂದಾಗಿ ನೋಡಿದಳು. ಒಂದೂ ಮುರಿದಿರಲಿಲ್ಲ. ಅಣ್ಣ ಗ್ಯಾರೇಜಿನ ಬಾಗಿಲಲ್ಲಿ ನಿಂತು ಗಾಳಿಗೆ ಹೇಳಿದ, "ನಂಗೆ ಇವತ್ತು ಸಾಮಾನು ತರೋಕೆ ಹೋಗ್ಬೇಕು." ಸಾಮಾನಿನ ಅಂಗಡಿ ಇದ್ದದ್ದು ಗುಡ್ಡಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ.

ಊರು ದಾಟಿ ಗುಡ್ಡದ ರಸ್ತೆ ಹಿಡಿದ ಮೇಲೆ ಕನ್ನಡಿಯಲ್ಲಿ ಒಂದು ನೀಲಿ ಹೆಲ್ಮೆಟ್ ಕಂಡಿತು. ಅಗ್ಗದ ಗಾಡಿಯ ಕನ್ನಡಿ, ಸುಮ್ಮನಿರುವುದು ಅದರ ಜಾಯಮಾನದಲ್ಲೇ ಇಲ್ಲ. ಅದರಲ್ಲಿ ಅಣ್ಣ ಕುಣಿಯುತ್ತ ಬರುತ್ತಿದ್ದ. ಅವನ ಬೈಕಿನ ಹಿಂದೆ ದೊಡ್ಡ ಸ್ಪ್ಯಾನರ್ ಪೆಟ್ಟಿಗೆ, ಅದರ ಮೇಲೆ ಗಾಡಿ ಎಳೆಯುವ ಹಗ್ಗದ ಸುರುಳಿ. ಟೈಲರಕ್ಕನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಗಾಡಿ ಗುನುಗುತ್ತ ಏರುತ್ತಿತ್ತು, ಎರಡನೆಯ ಗೇರಿನಲ್ಲಿ, ಅವಸರವಿಲ್ಲದೆ. ರಸ್ತೆಯ ಪಕ್ಕದ ಕಣಿವೆಯಲ್ಲಿ ಬಿಸಿಲು ಹರಡಿತ್ತು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ ಅವಳು ಯಾರ ಬೆನ್ನನ್ನೂ ನೋಡದೆ ರಸ್ತೆಯನ್ನು ನೋಡುತ್ತಿದ್ದಳು. ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹಾಡಿಕೊಂಡಳು.

ಮೂರನೆಯ ತಿರುವಿನಲ್ಲಿ ಕುರಿಗಳ ಹಿಂಡು ರಸ್ತೆಗಿಳಿಯಿತು. ಬಲಗಾಲು ಒತ್ತಿತು, ಬಲಗೈ ಹಿಡಿಯಿತು, ಎಡಗೈ ಕ್ಲಚ್ ಎಳೆಯಿತು. ಮೊದಲ ಕುರಿಯಿಂದ ಎರಡು ಮೊಳ ದೂರದಲ್ಲಿ ಗಾಡಿ ನಿಂತಿತು. ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಸರಸರ ಸದ್ದು, ಆಮೇಲೆ ದೊಪ್ಪೆಂದು ಏನೋ ಬಿದ್ದ ಸದ್ದು.

ತಿರುಗಿ ನೋಡಿದರೆ ಅಣ್ಣ ರಸ್ತೆ ಬದಿಯ ಪೊದೆಯಲ್ಲಿ ಕುರ್ಚಿಯಲ್ಲಿ ಕೂತವನ ಹಾಗೆ ಕೂತಿದ್ದ. ಬೈಕು ಎಡಕ್ಕೆ ಮಲಗಿತ್ತು. ಅವಳು ಓಡಿ ಹೋದಳು. ಕೈ ಕಾಲು ಮುಟ್ಟಿ ನೋಡಿದಳು. ಒಂದೆರಡು ತರಚು, ಬೇರೇನೂ ಇಲ್ಲ.

"ನಾನು ಬಿದ್ದಿಲ್ಲ. ಬದಿಗೆ ನಿಲ್ಲಿಸ್ದೆ" ಎಂದ ಬೇಡಪ್ಪ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಪೊದೆ ಒಳಗಾ?"

ಅವನು ಎಲೆಗಳನ್ನು ಅಂಗಿಯಿಂದ ಕಿತ್ತುಹಾಕಿದ. ಕುರಿಗಳು ಒಂದೊಂದಾಗಿ ಅವನನ್ನು ನೋಡಿಕೊಂಡು ದಾಟಿದವು. "ನನ್ನ ಬ್ರೇಕು ಸವೆದು ಹೋಗಿದೆ" ಎಂದ ಕೊನೆಗೆ. "ಊರವರ ಗಾಡಿ ನೋಡೋದ್ರಲ್ಲಿ ಇದನ್ನ ನೋಡ್ಲಿಲ್ಲ. ಆದ್ರೆ ಅದಲ್ಲ ಕಾರಣ. ನಾನು ನಿನ್ನ ಕಾಲು ನೋಡ್ತಿದ್ದೆ ಪುಟ್ಟಿ. ಕುರಿ ಕಂಡ ಕೂಡ್ಲೇ ನೀನು ಕಾಲು ಎತ್ತುತೀಯಾ ಒತ್ತುತೀಯಾ ಅಂತ. ನಂದು ಒತ್ತೋದೇ ಮರೆತೆ."

"ನಾನು ಕಾಲು ಎತ್ತೋದು ನಿಂಗೆ ಗೊತ್ತಿತ್ತಾ?"

"ಅವತ್ತು ಹಿಂದೆ ಓಡಿ ಬರ್ತಿದ್ನಲ್ಲ. ಕಾಂಪೌಂಡು ಹತ್ರ ಬಂದಾಗ ನಿನ್ನ ಕಾಲು ಮೇಲೆದ್ದದ್ದು ನೋಡ್ದೆ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹಿಡಿಯೋಕೆ ಓಡ್ದೆ, ಕೈಗೆ ಸಿಗ್ಲಿಲ್ಲ." ಎಂದು ತನ್ನ ಎರಡು ಅಂಗೈಗಳನ್ನು ನೋಡಿಕೊಂಡ. "ಮೂರು ಗಾಡಿ ಸಿಕ್ಕಿತ್ತು ನಿಂಗೆ ಅಂತ. ಒಂದೊಂದ್ರ ಮೇಲೂ ನಾನೇ ಕೂತು ನೋಡ್ದೆ. ಚೆನ್ನಾಗೇ ಇದ್ವು. ಆದ್ರೆ ನೀನು ಅದ್ರ ಮೇಲೆ ಕೂತು ಹೋಗೋದು ನೆನೆಸ್ಕೊಂಡ್ರೆ ಆ ಕಾಂಪೌಂಡೇ ಕಣ್ಮುಂದೆ ಬರ್ತಿತ್ತು. ಮಾರಿಬಿಟ್ಟೆ."

ಅವಳು ಅವನ ಪಕ್ಕದಲ್ಲೇ ಪೊದೆಯ ಅಂಚಿಗೆ ಕೂತು, ಕಾಲು ಯಾಕೆ ಏಳುತ್ತಿತ್ತು ಎಂಬುದನ್ನು ಹೇಳಿದಳು. ಪೆಡಲು, ಸೂಜಿ, ಇಟ್ಟಿಗೆ, ಬೇಕರಿಯವನ ಗಿಡ್ಡ ಪ್ಯಾಂಟು. ಅವನು ಬಾಯಿ ತೆರೆದು ಕೇಳಿದ. ಇಪ್ಪತ್ತಮೂರು ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲು ಒಂದು ಹೊಲಿಗೆ ಯಂತ್ರದ ಪೆಡಲಾಗಿತ್ತು. ಮೊದಲು ಅವನು ನಕ್ಕ, ಆಮೇಲೆ ಅವಳು, ಕೊನೆಗೆ ಕುರಿ ಕಾಯುವವನೂ ಏನೆಂದು ತಿಳಿಯದೆ ನಕ್ಕ.

ನಗು ಮುಗಿದ ಮೇಲೆ ನೋಡಿದರೆ ಅವನ ಬೈಕಿನ ಕ್ಲಚ್ ಲಿವರ್ ಬುಡದಲ್ಲೇ ಮುರಿದಿತ್ತು. "ಮುಗೀತು. ಈ ಕಂಪನಿಯ ಲಿವರ್ ತರಿಸ್ಬೇಕಾದ್ರೆ ಒಂದು ತಿಂಗಳು. ನೀನು ಹೋಗು, ಹೊತ್ತಾಗುತ್ತೆ. ನಾನು ತಳ್ಕೊಂಡು ಇಳೀತೀನಿ."

ಟೈಲರಕ್ಕ ತನ್ನ ಬಿಡಿ ಭಾಗಗಳ ಚೀಲ ಬಿಚ್ಚಿ ಒಂದು ಕ್ಲಚ್ ಲಿವರ್ ಹೊರತೆಗೆದಳು. "ಅಗ್ಗದ ಗಾಡಿ ಅಂತ ಅವರಿಗೂ ಗೊತ್ತು, ಡಬ್ಬದಲ್ಲೇ ಒಂದು ಹೆಚ್ಚಿಗೆ ಹಾಕಿದಾರೆ."

"ಅದು ಇದಕ್ಕೆ ಹೇಗೆ ಆಗುತ್ತೆ?"

"ಅಳತೆ ತಗೊಂಡಿದೀನಿ. ನಿನ್ನ ಗಾಡಿ ಇಟ್ಕೊಂಡೇ ಕತ್ತರಿಸಿದಾರೆ."

ಅವನು ಕೈ ಕಟ್ಟಿಕೊಂಡು ನಿಂತ. ಅವಳು ಅವನದೇ ಪೆಟ್ಟಿಗೆಯ ಸ್ಪ್ಯಾನರ್ ತೆಗೆದುಕೊಂಡು, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ತಂತಿ ಸಿಕ್ಕಿಸಿ, ಬಿಗಿದಳು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಚೀಲದಿಂದ ನೇಲ್ ಪಾಲಿಷ್ ತೆಗೆದು ಒಂದು ಕೆಂಪು ಗೆರೆ ಎಳೆದಳು. ಅವನು ಬಗ್ಗಿ ತನ್ನ ಬ್ರೇಕಿನ ಕಡ್ಡಿಯನ್ನು ನಾಲ್ಕು ಸುತ್ತು ಬಿಗಿದು, ಒತ್ತಿ ನೋಡಿ, "ಇನ್ನು ನೀನು ಮುಂದೆ ನಡಿ, ನಾನು ನಿಧಾನ ಬರ್ತೀನಿ" ಎಂದ. ಈ ಸಲ ದೂರ ಬಿಟ್ಟುಕೊಂಡು ಬಂದ.

ಶಾಲೆಯ ಮುಂದಿನ ಜಗಲಿಯಲ್ಲಿ ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡುತ್ತ ನಿಂತಿದ್ದಳು. ಹತ್ತು ನಿಮಿಷ ತಡವಾಗಿತ್ತು. ಗಾಡಿಯನ್ನೂ, ಅದರಿಂದಿಳಿದವಳನ್ನೂ, ಹಿಂದೆ ಹೆಲ್ಮೆಟ್ಟಿನಲ್ಲಿ ಎಲೆ ಸಿಕ್ಕಿಸಿಕೊಂಡು ಬಂದವನನ್ನೂ ನೋಡಿ, "ಬಂದ್ರಲ್ಲ, ಸಾಕು. 'ಅ' ವಿಭಾಗದಿಂದ ಶುರು ಮಾಡಿ" ಎಂದಳು. ಕೆಲಸ ಟೈಲರಕ್ಕನದಾಯಿತು. ಅವಳಿಗೆ ಕುಣಿಯಬೇಕೆನಿಸಿತು. ಕುಣಿಯುವ ಬದಲು ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಮೊದಲ ಹುಡುಗನ ಭುಜಕ್ಕೆ ಟೇಪು ಹಿಡಿದಳು.

ಜಗಲಿಯ ಇನ್ನೊಂದು ತುದಿಯಲ್ಲಿ ಗಣಿತದ ಹೊಸ ಟೀಚರ್ ಅವಳ ಬೈಕಿನ ಸುತ್ತ ಸುತ್ತುತ್ತಿದ್ದಳು. ಬಸ್ಸಿಲ್ಲದೆ ಅಂದು ಗುಡ್ಡ ಹತ್ತಿ ನಡೆದು ಬಂದವಳು ಆಕೆ. ಮೆಕ್ಯಾನಿಕ್ ಎಂದು ತಿಳಿದದ್ದೇ ಬೇಡಪ್ಪನನ್ನು ಹಿಡಿದಳು. "ಅಣ್ಣ, ನಾನು ಹೊಸದಾಗಿ ಕಲಿಯೋಳು. ಇಂಥ ಹೆಸರಿಲ್ಲದ ಅಗ್ಗದ ಗಾಡಿ ತಗೋಬಹುದಾ? ನಿಜ ಹೇಳಿ."

ಅಳತೆ ತೆಗೆಯುತ್ತಿದ್ದ ಕೈ ನಿಂತಿತು. ಟೈಲರಕ್ಕ ಕಿವಿ ಅಲ್ಲಿಟ್ಟಳು.

"ಬೇಡ..." ಎಂದ ಬೇಡಪ್ಪ ಅಭ್ಯಾಸಬಲದಿಂದ. ಹೇಳಿದ ಮೇಲೆ ತನ್ನ ಬೈಕಿನ ಹೊಸ ಲಿವರನ್ನು ನೋಡಿದ. ಕೆಂಪು ಗೆರೆಯನ್ನು ನೋಡಿದ. ಜಗಲಿಯಲ್ಲಿ ಮಂಡಿಯೂರಿ ಕೂತ ತಂಗಿಯನ್ನು ನೋಡಿದ.

"ಬೇಡ ಅಂತ ಇಷ್ಟು ದಿನ ಹೇಳ್ತಿದ್ದೆ. ತಗೊಳ್ಳಿ. ಆದ್ರೆ ಡಬ್ಬ ಬಿಚ್ಚಿದ ದಿನವೇ ಓಡಿಸ್ಬೇಡಿ. ನನ್ನ ಹತ್ರನೂ ತರ್ಬೇಡಿ. ಮೊದ್ಲು ಒಬ್ಬ ಒಳ್ಳೆ ಟೈಲರಿಗೆ ತೋರಿಸಿ."

ಟೀಚರ್ ತಮಾಷೆಯೆಂದು ನಕ್ಕಳು. ಅವನು ನಗಲಿಲ್ಲ. "ನಮ್ಮ ಪಕ್ಕದ ಅಂಗಡಿಯಲ್ಲೇ ಒಬ್ಳು ಇದಾಳೆ" ಎಂದ.

ಬಾಯಲ್ಲಿ ಪಿನ್ನುಗಳಿದ್ದುದರಿಂದ ಟೈಲರಕ್ಕನಿಗೆ ನಗಲಾಗಲಿಲ್ಲ, ಕಣ್ಣು ಮಂಜಾಯಿತು. ಟೇಪಿನ ಮೇಲಿನ ಅಂಕಿ ಕಾಣಿಸದೆ, ಆ ಹುಡುಗನ ಎದೆಯ ಅಳತೆಯನ್ನು ಇನ್ನೊಂದು ಸಲ ತೆಗೆಯಬೇಕಾಯಿತು.